ಕಂಡಕ್ಟರ್ ಡಬ್ಬಿಯ ಚಿಲ್ಲರೆ: ಟಂಕಸಾಲೆಯ ತಪ್ಪು ಯಾವುದು, ಬೀದಿಯ ಪೆಟ್ಟು ಯಾವುದು

ಹಿನ್ನೆಲೆ

ಹುಬ್ಬಳ್ಳಿಯ ಒಬ್ಬರು ವಾಯವ್ಯ ಕರ್ನಾಟಕ ಸಾರಿಗೆಯಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತರಾಗಿದ್ದಾರೆ. ಇಲ್ಲಿ ಅವರನ್ನು ಕಂಡಕ್ಟರ್ ಎಂದಷ್ಟೇ ಕರೆಯುತ್ತೇನೆ. ಡಿಪೋ, ಓಣಿ, ಮನೆಮಂದಿಯ ವಿವರಗಳನ್ನು ಗುರುತು ಸಿಗದಂತೆ ಅದಲುಬದಲು ಮಾಡಿದ್ದೇನೆ.

ಅಣ್ಣಿಗೇರಿ, ಗದಗ, ನವಲಗುಂದ, ಲಕ್ಷ್ಮೇಶ್ವರದ ಕಡೆ ಓಡಾಡುವ ಬಸ್ಸಿನ ಚೀಲಕ್ಕೆ ದಿನವೂ ಬೀಳುತ್ತಿದ್ದ ಚಿಲ್ಲರೆಯಲ್ಲಿ ಯಾವುದಾದರೂ ನಾಣ್ಯ ವಿಚಿತ್ರವಾಗಿ ಕಂಡರೆ ಅವರು ಅದನ್ನು ಬೇರೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆ ರೊಕ್ಕ ಕಟ್ಟುವಾಗ ಅದರ ಬದಲಿಗೆ ತಮ್ಮ ಸ್ವಂತದ ನಾಣ್ಯ ಸೇರಿಸುತ್ತಿದ್ದರು. ಹೀಗೆ ವರ್ಷಗಟ್ಟಲೆ ಕೂಡಿದ್ದು ಒಂದು ಬಿಸ್ಕೀಟ್ ಡಬ್ಬಿಯ ತುಂಬ ಚಿಲ್ಲರೆ. ಇಪ್ಪತ್ತೈದು ಪೈಸೆಯಿಂದ ಹತ್ತು ರೂಪಾಯಿಯ ತನಕ ಎಲ್ಲವೂ ಅದರಲ್ಲಿದ್ದವು. ಬಾಗಿದ್ದು, ತೂತು ಬಿದ್ದದ್ದು, ಬಣ್ಣ ಬದಲಾದದ್ದು, ಅಕ್ಷರ ಅಳಿಸಿದ್ದು, ಅಂಚು ಕಚ್ಚಿಹೋದದ್ದು. ಮಾರುವ ವಿಚಾರ ಅವರಿಗೆ ಎಂದೂ ಬಂದಿರಲಿಲ್ಲ. "ಸುಮ್ನ ಇಟ್ಟಿದ್ದೆ ನೋಡ್ರಿ, ಚಂದ ಕಾಣ್ತಿದ್ವು" ಎಂದಷ್ಟೇ ಅವರ ಸಮಜಾಯಿಷಿ.

ಈ ತರದ ಡಬ್ಬಿ ಇನ್ನು ಮುಂದೆ ಕೂಡುವುದು ಕಷ್ಟ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ, ಉಳಿದವರಲ್ಲೂ ಅನೇಕರು ಮೊಬೈಲ್ ತೋರಿಸಿ ಟಿಕೆಟ್ ಪಡೆಯುತ್ತಾರೆ. ಕಂಡಕ್ಟರ್ ಚೀಲದ ತೂಕವೇ ಇಳಿದಿದೆ.

ತೊಡಕು

ತಪ್ಪಾಗಿ ಒತ್ತಿದ ನಾಣ್ಯಕ್ಕೆ ದೊಡ್ಡ ಬೆಲೆ ಸಿಗುತ್ತದೆ ಎನ್ನುವ ಒಂದು ವಿಡಿಯೊ ನೋಡಿ ಮೊಮ್ಮಗ ಡಬ್ಬಿಯನ್ನು ಕೆದಕಿದ. ಅದರಲ್ಲಿ ಐದು ರೂಪಾಯಿಯ ಒಂದು ನಾಣ್ಯ ಸಿಕ್ಕಿತು. ಅಂಕೆ ಇರಬೇಕಾದ ಮುಖದ ಮೇಲೆ ಸಿಂಹಲಾಂಛನ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ತಗ್ಗಾಗಿ ಒತ್ತಿಕೊಂಡಿತ್ತು. ಅದರ ಫೋಟೊ ಮಾರಾಟದ ಪುಟವೊಂದಕ್ಕೆ ಹೋಯಿತು. ಮರುದಿನವೇ ಒಬ್ಬ ಫೋನ್ ಮಾಡಿ ಮೂರು ಲಕ್ಷ ಕೊಡುತ್ತೇನೆಂದ, ಮೊದಲು 'ನೋಂದಣಿ ಶುಲ್ಕ' 1,850 ರೂಪಾಯಿ ಕಟ್ಟಬೇಕೆಂದ. ಕಂಡಕ್ಟರ್ ಕಟ್ಟಿದರು. ಎರಡನೆಯ ಫೋನ್ ಬಂದದ್ದು 'ತೆರಿಗೆ'ಯ ಹೆಸರಿನಲ್ಲಿ, 14,500 ರೂಪಾಯಿಗೆ. ಜತೆಗೆ ರಿಸರ್ವ್ ಬ್ಯಾಂಕಿನ ಮುದ್ರೆಯಂತಿದ್ದ ಒಂದು ಪತ್ರವೂ ವಾಟ್ಸಾಪಿಗೆ ಬಂತು.

ಮೊದಲ ತಿರುವು ಇಲ್ಲಿದೆ. ಮಗ ಆ ಪತ್ರ ನೋಡಿ ಅಪ್ಪನ ಕೈಯಿಂದ ಫೋನ್ ಇಸಿದುಕೊಂಡ. ಹಳೆಯ ನೋಟು, ನಾಣ್ಯ ಕೊಳ್ಳುವ ಮಾರುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಎಚ್ಚರಿಕೆ ಕೊಟ್ಟಿತ್ತು. ಇಂಥ ವ್ಯವಹಾರದಲ್ಲಿ ತನಗೆ ಯಾವ ಪಾತ್ರವೂ ಇಲ್ಲ, ಯಾವ ಶುಲ್ಕವನ್ನೂ ತಾನು ಕೇಳುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು. ಎರಡನೆಯ ಮೊತ್ತ ಉಳಿಯಿತು, ಮೊದಲಿನದು ವಾಪಸ್ ಬರಲಿಲ್ಲ.

ಮೋಸದ ಕತೆ ಅಲ್ಲಿಗೆ ಮುಗಿಯಿತು, ಮನೆಯ ಜಗಳ ಅಲ್ಲಿಂದ ಶುರುವಾಯಿತು. ಮಗನ ಲೆಕ್ಕದಲ್ಲಿ ಡಬ್ಬಿ ತುಂಬ ಗುಜರಿ. "ಬ್ಯಾಂಕಿಗೆ ಹಾಕಿ ಕೈ ತೊಳಕೋರಿ" ಅಂದ. ಅಪ್ಪನ ಲೆಕ್ಕದಲ್ಲಿ ಫೋನ್ ಮಾಡಿದವ ಕಳ್ಳನಾದರೂ ನಾಣ್ಯ ಕಳ್ಳನದಲ್ಲವಲ್ಲ: "ಟಂಕಸಾಲ್ಯಾಗ ತಪ್ಪಾಗಿ ಬಂದಾವ, ಅದಕ್ಕ ಹಿಂಗ ಅದಾವ." ಇಬ್ಬರೂ ಡಬ್ಬಿಯನ್ನು ಇಡಿಯಾಗಿ ನೋಡುತ್ತಿದ್ದರು, ಒಬ್ಬನಿಗೆ ಎಲ್ಲವೂ ಕಸ, ಇನ್ನೊಬ್ಬರಿಗೆ ಎಲ್ಲವೂ ನಿಧಿ. ಅವಳಿ ನಗರದಲ್ಲಿ ನಾಣ್ಯದ ಹುಚ್ಚಿರುವ ನಾವು ಕೆಲವರು ರವಿವಾರಕ್ಕೊಮ್ಮೆ ಕೂಡುತ್ತೇವೆ. ನೆರೆಯವರೊಬ್ಬರು ಅವರನ್ನು ಅಲ್ಲಿಗೆ ಕರೆತಂದರು.

ಮೊದಲು ಮಾಡದೆ ಬಿಟ್ಟದ್ದು

ನಾಣ್ಯಗಳನ್ನು ತೊಳೆಯಬೇಡಿ ಎಂಬುದು ನಮ್ಮ ಮೊದಲ ಮಾತು. ಅಷ್ಟರಲ್ಲಿ ಕೆಲವಕ್ಕೆ ಹುಣಸೆಹಣ್ಣಿನ ಅಭ್ಯಂಜನ ಆಗಿಹೋಗಿತ್ತು. ತಿಕ್ಕಿದ ಮೇಲ್ಮೈಯಲ್ಲಿ ಹಳೆಯ ಗಾಯಕ್ಕೂ ಹೊಸ ಗೀರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಸಂದುಗಳಲ್ಲಿ ಕೂತ ಹೊಲಸು ಎಷ್ಟೋ ಸಲ ಸಾಕ್ಷಿಯಾಗಿರುತ್ತದೆ. ಪೆಟ್ಟು ಬಿದ್ದ ಮೇಲೆ ಹೊಲಸು ಕೂತಿತೇ, ಹೊಲಸಿನ ಮೇಲೆ ಪೆಟ್ಟು ಬಿತ್ತೇ ಎಂಬುದನ್ನು ಅದು ಹೇಳುತ್ತದೆ.

ಬೆಲೆಯ ಮಾತನ್ನೂ ಮುಂದೆ ಹಾಕಿದೆವು. ಬೆಲೆ ಕಿವಿಗೆ ಬಿದ್ದ ಕೂಡಲೇ ಕಣ್ಣು ತನಗೆ ಬೇಕಾದ್ದನ್ನೇ ನೋಡತೊಡಗುತ್ತದೆ. ಈ ಮನೆಯಲ್ಲಿ ಮೂರು ಲಕ್ಷದ ಮಾತು ಆಗಲೇ ಬಿದ್ದಿದ್ದರಿಂದ 'ಕನ್ನಡಿ ಐದ'ನ್ನು ಕೊನೆಗೆ ನೋಡೋಣ ಎಂದು ಬದಿಗಿಟ್ಟೆವು.

ಸಲಕರಣೆಗಳು ಸಾದಾ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಕನ್ನಡಿ, ಗ್ರಾಂನ ನೂರನೆಯ ಭಾಗದವರೆಗೆ ತೂಗುವ ಅಕ್ಕಸಾಲಿಗರ ತಕ್ಕಡಿ, ಅಗಲ ಅಳೆಯುವ ವರ್ನಿಯರ್, ಒಂದು ಅಯಸ್ಕಾಂತ, ಬಾಗಿಸಬಹುದಾದ ಮೇಜುದೀಪ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಮುಖಬೆಲೆಯ, ಅದೇ ಮಾದರಿಯ, ಸಾಧ್ಯವಾದರೆ ಅದೇ ವರ್ಷದ ಒಂದು ಒಳ್ಳೆಯ ನಾಣ್ಯ. ಪಕ್ಕದಲ್ಲಿ ಸರಿಯಾದದ್ದು ಇಲ್ಲದೆ ತಪ್ಪಾದದ್ದನ್ನು ನೋಡಿ ಪ್ರಯೋಜನವಿಲ್ಲ.

ಪ್ರತಿ ನಾಣ್ಯಕ್ಕೂ ಒಂದೇ ಪ್ರಶ್ನೆ ಕೇಳುವುದೆಂದು ಗೊತ್ತುಮಾಡಿಕೊಂಡೆವು: ಇದು ಟಂಕಸಾಲೆಯ ಯಾವ ಹಂತದಲ್ಲಿ ಆಗಿರಬಹುದು? ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಕಾಯಿಸಿ ಮೆದು ಮಾಡುತ್ತಾರೆ. ಅದರ ಸುತ್ತ ದಂಡೆ ಎಬ್ಬಿಸುತ್ತಾರೆ. ಆಮೇಲೆ ಎರಡು ಅಚ್ಚುಗಳ ನಡುವೆ, ಸುತ್ತಲೂ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಇಟ್ಟು ಒತ್ತುತ್ತಾರೆ. ಟಂಕಸಾಲೆಯ ತಪ್ಪು ಬಿಲ್ಲೆಯಲ್ಲಿ ಆಗಿರಬೇಕು, ಅಚ್ಚಿನಲ್ಲಿ ಆಗಿರಬೇಕು, ಇಲ್ಲವೇ ಒತ್ತುವ ಗಳಿಗೆಯಲ್ಲಿ ಆಗಿರಬೇಕು. ಯಾವ ಹಂತವೆಂದು ಹೇಳಲು ಬರದಿದ್ದರೆ ನಾಣ್ಯ ಎಷ್ಟೇ ವಿಚಿತ್ರವಾಗಿದ್ದರೂ ಅದು ಹೊರಗೆ ಬಂದ ಮೇಲಿನ ಪೆಟ್ಟು ಎಂದೇ ಹಿಡಿಯಬೇಕು. ಇದು ಕಠಿಣ ನಿಯಮ ಅನ್ನಿಸಬಹುದು. ವಿಡಿಯೊಗಳು ಹಬ್ಬಿಸಿದ ಹುಚ್ಚು ನೋಡಿದರೆ ಇಷ್ಟು ಕಠಿಣವಾಗಿಯೇ ಇರಬೇಕು ಎನ್ನುವವ ನಾನು.

ತಪ್ಪೂ ಅಲ್ಲದ, ಪೆಟ್ಟೂ ಅಲ್ಲದವು

ಡಬ್ಬಿಯ ಒಂದು ಪಾಲು ಬೇಗ ಖಾಲಿಯಾಯಿತು. ವರ್ಷದ ಕೆಳಗೆ 'ಹೆಚ್ಚಿನ ಚುಕ್ಕೆ' ಇದೆ ಎಂದು ತೆಗೆದಿಟ್ಟವು ನೊಯಿಡಾದವು. ಆ ಚುಕ್ಕೆ ಅಲ್ಲಿನ ಟಂಕಸಾಲೆಯ ಗುರುತು. ಮುಂಬೈಯದಕ್ಕೆ ವಜ್ರದ ಆಕಾರ, ಹೈದರಾಬಾದಿನದಕ್ಕೆ ನಕ್ಷತ್ರ, ಕೋಲ್ಕತ್ತದ್ದಕ್ಕೆ ಏನೂ ಇಲ್ಲ. ₹ ಚಿಹ್ನೆ 'ಬಿಟ್ಟುಹೋದ' ಹತ್ತರ ನಾಣ್ಯಗಳು 2011ಕ್ಕಿಂತ ಹಿಂದಿನ ವಿನ್ಯಾಸದವು, ಅಷ್ಟೇ. ನಮ್ಮ ಕಡೆ ಅಂಗಡಿಕಾರರು ಹತ್ತರ ಕಾಯಿನ್ ಬೇಡವೆಂದು ದೂಡುತ್ತಿದ್ದ ದಿನಗಳಲ್ಲಿ, ಅಂದರೆ 2018ರ ಜನವರಿಯಲ್ಲಿ, ರಿಸರ್ವ್ ಬ್ಯಾಂಕ್ ಹದಿನಾಲ್ಕು ವಿನ್ಯಾಸದ ಹತ್ತರ ನಾಣ್ಯಗಳೂ ಚಲಾವಣೆಗೆ ಯೋಗ್ಯ ಎಂದು ಹೇಳಬೇಕಾಯಿತು. ಕಂಡಕ್ಟರ್‌ಗೆ ಇದು ಗೊತ್ತಿತ್ತು. ಪ್ರಯಾಣಿಕರೊಡನೆ ಅದೇ ವಿಷಯಕ್ಕೆ ಎಷ್ಟೋ ಸಲ ವಾದ ಮಾಡಿದ್ದರಂತೆ. ಆದರೂ ತಮ್ಮ ಡಬ್ಬಿಯ ಮಟ್ಟಿಗೆ ಬಂದಾಗ ಅದನ್ನು ಮರೆತಿದ್ದರು.

ಬೀದಿಯ ಪೆಟ್ಟು

ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದವು, ಮೊಳೆ ಹೊಡೆದವು, ದೃಷ್ಟಿಗೆ ಕಟ್ಟಲು ತೂತು ಮಾಡಿದವು ಇವುಗಳ ಬಗ್ಗೆ ಚರ್ಚೆಯೇ ಬೇಕಾಗಲಿಲ್ಲ. ಇಪ್ಪತ್ತೈದು ಪೈಸೆಯದೊಂದಕ್ಕೆ ಬೆಸುಗೆ ಹಾಕಿದ ಕೊಂಡಿ ಇತ್ತು, ಲಂಬಾಣಿ ಹೆಣ್ಣುಮಕ್ಕಳ ಉಡುಪಿಗೆ ಹೊಲಿದದ್ದಿರಬೇಕು. ನಾಣ್ಯಸಂಗ್ರಹದ ದೃಷ್ಟಿಯಿಂದ ಅದು ಹಾಳಾದ ನಾಣ್ಯ, ಆದರೂ ನಮ್ಮಲ್ಲಿ ಇಬ್ಬರು ಅದನ್ನೇ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ನೋಡಿದರು. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಆದ್ದರಿಂದ ಅದು ಬ್ಯಾಂಕಿಗೂ ಹೋಗುವುದಿಲ್ಲ.

ಬಣ್ಣದವು ಹೆಚ್ಚು ಹೊತ್ತು ತಿಂದವು. ಒಂದು ರೂಪಾಯಿಯ ಉಕ್ಕಿನ ನಾಣ್ಯಗಳಲ್ಲಿ ಕೆಲವು ನೇರಳೆ, ಕೆಲವು ನೀಲಿ ಹೊಳೆಯುತ್ತಿದ್ದವು. 'ಬೇರೆ ಲೋಹದಲ್ಲಿ ಒತ್ತಿದ್ದು' ಎಂದು ಮೊಮ್ಮಗನ ವಾದ. ಅಯಸ್ಕಾಂತಕ್ಕೆ ಎಲ್ಲವೂ ಅಂಟಿದವು, ತೂಕವೂ 4.85 ಗ್ರಾಂಗೆ ಹತ್ತಿರವೇ ಬಂತು. ಈ ನಾಣ್ಯಗಳ ಲೋಹದಲ್ಲಿ ಸುಮಾರು 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಕಾಯಿಸಿದರೆ ಮೇಲ್ಮೈಯ ಆಕ್ಸೈಡ್ ಪದರ ದಪ್ಪವಾಗುತ್ತ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಬಣ್ಣಕ್ಕೆ ತಿರುಗುತ್ತದೆ. ಹೋಮದ ಕುಂಡವೋ, ಒಲೆಯೋ, ಸುಟ್ಟ ಅಂಗಡಿಯ ಗಲ್ಲಾಪೆಟ್ಟಿಗೆಯೋ, ಎಲ್ಲಿ ಬೆಂಕಿ ಸೋಕಿತೋ ತಿಳಿಯದು. ಬೆಂಕಿ ಸೋಕಿದ್ದಂತೂ ಹೌದು.

ಹಳೆಯ ಎರಡು ರೂಪಾಯಿಯೊಂದು ತಾಮ್ರದ ಬಣ್ಣಕ್ಕೆ ತಿರುಗಿತ್ತು. 'ಮೇಲಿನ ಪದರ ಬಿಟ್ಟುಹೋದ ನಾಣ್ಯ' ಎಂದು ಒಂದು ವಿಡಿಯೊ ಹೆಸರು ಕೊಟ್ಟಿತ್ತು. ಅದು ಅಮೆರಿಕದ ನಾಣ್ಯಗಳ ಕತೆ. ಅಲ್ಲಿನ ಕ್ವಾರ್ಟರ್, ಡೈಮ್‌ಗಳಲ್ಲಿ ತಾಮ್ರದ ತಿರುಳಿಗೆ ಎರಡೂ ಬದಿ ನಿಕ್ಕಲ್-ತಾಮ್ರದ ಪದರ ಜೋಡಿಸಿರುತ್ತಾರೆ, ಪದರ ಬಿಟ್ಟುಹೋದರೆ ತಾಮ್ರ ಕಾಣುತ್ತದೆ. ನಮ್ಮ ಹಳೆಯ ಎರಡು ರೂಪಾಯಿ ತಿರುಳಿನಿಂದ ಮೇಲ್ಮೈಯವರೆಗೆ ಒಂದೇ ಮಿಶ್ರಲೋಹ, 75 ಪಾಲು ತಾಮ್ರ, 25 ಪಾಲು ನಿಕ್ಕಲ್. ಬಿಟ್ಟುಹೋಗಲು ಅದಕ್ಕೆ ಪದರವೇ ಇಲ್ಲ. ಮಣ್ಣು, ಎಣ್ಣೆ, ಹುಳಿ ತಾಗಿ ತಾಮ್ರದ ಬಣ್ಣ ಮೇಲೆದ್ದಿದೆ, ಅದೂ ತೇಪೆ ತೇಪೆಯಾಗಿ. ಊರು ಬೇರೆ, ಯಂತ್ರ ಬೇರೆ, ಲೋಹ ಬೇರೆ ಎಂಬುದನ್ನು ಮರೆತು ವಿಡಿಯೊದ ಪಟ್ಟಿಯನ್ನು ಎತ್ತಿ ಇಲ್ಲಿಗೆ ಹಚ್ಚುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಇನ್ನು ತೆಳ್ಳಗಿನ ಐದು ರೂಪಾಯಿ. 1990ರ ದಶಕದ ದಪ್ಪ ಐದರ ನಾಣ್ಯ 9 ಗ್ರಾಂ ತೂಗಬೇಕು, ಅಗಲ 23 ಮಿ.ಮೀ. ಇರಬೇಕು. ಡಬ್ಬಿಯದು 7.3 ಗ್ರಾಂ ತೂಗಿತು. ತೆಳು ಪಟ್ಟಿಯಿಂದ ಕತ್ತರಿಸಿದ ಬಿಲ್ಲೆಯೇ ಇರಬಹುದೆಂದು ನಮ್ಮಲ್ಲೂ ಒಬ್ಬರಿಗೆ ಆಸೆ ಹುಟ್ಟಿತು. ವರ್ನಿಯರ್ ಅದನ್ನು ಇತ್ಯರ್ಥ ಮಾಡಿತು. ಅಗಲ 22.6 ಮಿ.ಮೀ. ಮಾತ್ರ. ತೆಳು ಬಿಲ್ಲೆಯಾದರೂ ಒತ್ತುವಾಗ ಲೋಹ ಹರಡಿ ಕಾಲರ್‌ಗೆ ತಾಗುತ್ತದೆ, ಹಾಗಾಗಿ ಅಗಲ ಪೂರ್ತಿ ಇದ್ದು ಚಿತ್ರ ಮಾತ್ರ ಮಸುಕಾಗಿರಬೇಕಿತ್ತು. ಇಲ್ಲಿ ದಪ್ಪ, ಅಗಲ ಎರಡೂ ಸವೆದಿದ್ದವು, ಅಕ್ಷರಗಳು ಒಂದೇ ಸಮನೆ ಬಡಕಲಾಗಿದ್ದವು, ಬದಿಯ ಸುತ್ತ ಇರಬೇಕಾದ ಕೊರೆತವೂ ಅಳಿಸಿಹೋಗಿತ್ತು. ಇದು ಆಮ್ಲದ ಕೆಲಸ. ಬಳಕೆಯಿಂದ ಸವೆದ ನಾಣ್ಯದಲ್ಲಿ ಎತ್ತರದ ಭಾಗ ಮೊದಲು ಹೋಗುತ್ತದೆ. ಆಮ್ಲವಾದರೆ ತಗ್ಗು ದಿಣ್ಣೆ ನೋಡದೆ ಎಲ್ಲವನ್ನೂ ತಿನ್ನುತ್ತದೆ.

ಹತ್ತು ರೂಪಾಯಿಯದೊಂದರಲ್ಲಿ ನಡುಬಿಲ್ಲೆಯ ಸಿಂಹಗಳು ಒಂದು ಕಡೆ ವಾಲಿದ್ದವು. ಹೊರ ಉಂಗುರದ ಮೇಲಿನ 'ಭಾರತ', 'ಇಂಡಿಯಾ' ಎಂಬ ನಾಗರಿ ಮತ್ತು ಇಂಗ್ಲಿಷ್ ಅಕ್ಷರಗಳು ಮಾತ್ರ ನೆಟ್ಟಗಿದ್ದವು. ಬಹಳ ಜನ ಇದನ್ನು ದೊಡ್ಡ ತಪ್ಪೆಂದು ಮಾರುತ್ತಾರೆ. ಉಂಗುರ ಮತ್ತು ನಡುಬಿಲ್ಲೆಯನ್ನು ಒಂದರೊಳಗೊಂದು ಇಟ್ಟು ಒಂದೇ ಅಚ್ಚಿನಿಂದ ಒಂದೇ ಏಟಿಗೆ ಒತ್ತುತ್ತಾರೆ. ಒಂದೇ ಅಚ್ಚಿನ ಮೇಲೆ ಕೊರೆದ ಸಿಂಹ, ಅದೇ ಅಚ್ಚಿನ ಮೇಲಿನ ಅಕ್ಷರಕ್ಕೆ ವಾಲಿ ನಿಲ್ಲುವುದು ಹೇಗೆ? ಸಾಧ್ಯವಿಲ್ಲ. ಯಾರೋ ನಡುಬಿಲ್ಲೆಯನ್ನು ತಟ್ಟಿ ಹೊರತೆಗೆದು ಮತ್ತೆ ಕೂರಿಸಿದ್ದಾರೆ. ನಡುಬಿಲ್ಲೆ ಬದಿಗೆ ಸರಿದು ಒತ್ತಿಕೊಂಡ ಅಸಲಿ ತಪ್ಪುಗಳೂ ಇವೆ, ಆದರೆ ಅವುಗಳಲ್ಲಿ ಚಿತ್ರ ಎರಡೂ ಲೋಹದ ಮೇಲೆ ಕಡಿಯದೆ ಸಾಗಿರುತ್ತದೆ.

ಮಗ ಸುಮ್ಮನಾದದ್ದು

ಅಲ್ಲಿಯವರೆಗೆ ಮಗನ ಮಾತೇ ಗೆಲ್ಲುತ್ತಿತ್ತು. ಅಂಚು ಕಚ್ಚಿಹೋದ ಒಂದು ರೂಪಾಯಿ ಕೈಗೆ ಬಂದಾಗಲೂ ಅವನು ನಕ್ಕ: "ಇದನ್ನ ಯಾರೋ ಕತ್ರಿಲೆ ಕತ್ತರಿಸ್ಯಾರ, ಇದ್ಕೇನ್ ನೋಡ್ತೀರಿ." ತೆನೆಗಳ ಚಿತ್ರವಿರುವ ಹಳೆಯ ಉಕ್ಕಿನ ನಾಣ್ಯ, ತೂಕ 4.52 ಗ್ರಾಂ. ಒಂದು ಬದಿ ಬಿಲ್ಲು ಬಾಗಿದಂತೆ ಕಡಿದುಹೋಗಿತ್ತು.

ಕತ್ತರಿಯಿಂದಾಗಲಿ ಅರದಿಂದಾಗಲಿ ಕಡಿದರೆ ಅಕ್ಷರ ತಟ್ಟನೆ ಅರ್ಧಕ್ಕೆ ನಿಲ್ಲುತ್ತದೆ, ಕಡಿದ ಬದಿ ಹರಿತವಾಗಿದ್ದು ಉಪಕರಣದ ಗೆರೆಗಳು ಕಾಣುತ್ತವೆ. ಡಬ್ಬಿಯಲ್ಲಿ ಹಾಗೆ ಅರ ಹಾಕಿದ ಇನ್ನೊಂದು ನಾಣ್ಯವೂ ಇದ್ದದ್ದು ಹೋಲಿಸಲು ಅನುಕೂಲವಾಯಿತು. ಇದರಲ್ಲಿ ಕಡಿತದ ಹತ್ತಿರ ಬಂದಂತೆ ಅಕ್ಷರಗಳು ಆ ಕಡೆಗೆ ಎಳೆದುಕೊಂಡು ಮಸುಕಾಗಿದ್ದವು, ದಂಡೆ ಮೆಲ್ಲಗೆ ಸಣ್ಣಗಾಗಿ ಇಲ್ಲವಾಗಿತ್ತು. ಅಂದರೆ ಒತ್ತುವ ಮೊದಲೇ ಅಲ್ಲಿ ಲೋಹ ಇರಲಿಲ್ಲ, ಉಳಿದ ಲೋಹ ಒತ್ತಡಕ್ಕೆ ಆ ಖಾಲಿಯ ಕಡೆ ಹರಿದಿತ್ತು.

ಆಮೇಲೆ ನಾಣ್ಯವನ್ನು ತಿರುಗಿಸಿ ಕಡಿತಕ್ಕೆ ಸರಿಯಾಗಿ ಎದುರಿನ ಅಂಚನ್ನು ದೀಪಕ್ಕೆ ಹಿಡಿದೆವು. ಅಲ್ಲಿ ದಂಡೆ ಹೆಚ್ಚುಕಡಿಮೆ ಎದ್ದೇ ಇರಲಿಲ್ಲ. ಸಂಗ್ರಾಹಕರು ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಲಟ್ಟಿಸಿದ ಹಿಟ್ಟಿನಲ್ಲಿ ಬಟ್ಟಲು ಒತ್ತಿ ಪೂರಿ ತೆಗೆಯುವಾಗ, ಮೊದಲು ಒತ್ತಿದ ಜಾಗದ ಮೇಲೆಯೇ ಬಟ್ಟಲು ತುಸು ಕೂತರೆ ಮುಂದಿನ ಪೂರಿಗೆ ಒಂದು ಬದಿ ಬಾಗಿದ ಕಡಿತ ಬೀಳುತ್ತದಲ್ಲ, ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಬಿಲ್ಲೆಗೂ ಹಾಗೆಯೇ. ಅಂಥ ಬಿಲ್ಲೆ ದಂಡೆ ಎಬ್ಬಿಸುವ ಯಂತ್ರಕ್ಕೆ ಹೋದಾಗ, ಕಡಿತವಿರುವ ಕಡೆ ಆಧಾರ ಸಿಗದೆ ಎದುರು ಬದಿಗೂ ಒತ್ತಡ ಬೀಳುವುದಿಲ್ಲ. ಆದ್ದರಿಂದ ಎದುರು ದಂಡೆಯೂ ಸೊರಗುತ್ತದೆ. ಈ ಲಕ್ಷಣ ಕಾಣದ ಅಸಲಿ ಕಡಿತಗಳೂ ಇರುತ್ತವೆ. ಆದರೆ ಇದು ಕಂಡಾಗ ವಾದ ಹೆಚ್ಚು ಉಳಿಯುವುದಿಲ್ಲ, ಕತ್ತರಿ ಹಿಡಿದವನಿಗೆ ಎದುರು ಅಂಚನ್ನು ಹೀಗೆ ಸೊರಗಿಸುವ ಯೋಚನೆ ಬರುವುದು ಅಪರೂಪ. ಹಂತ ಸಿಕ್ಕಿತು, ಬಿಲ್ಲೆ ಕತ್ತರಿಸುವ ಹಂತ.

ಎರಡನೆಯ ಅಸಲಿ ತಪ್ಪು ಸಿಕ್ಕ ರೀತಿ ಇನ್ನೂ ಚೆಂದ. ಎರಡು ಬೆರಳು ತೋರಿಸುವ ಹಸ್ತಮುದ್ರೆಯ ಎರಡು ರೂಪಾಯಿ, ಬೆರಳುಗಳ ಮೇಲೆ ಅಡ್ಡಡ್ಡ ಆಳದ ಗೀರು. ಕಂಡಕ್ಟರ್ ಅದನ್ನು ತೆಗೆದಿಟ್ಟದ್ದು ಆ ಗೀರಿಗಾಗಿ. ಗೀರು ತಗ್ಗಾಗಿತ್ತು, ಎರಡೂ ಬದಿಗೆ ಲೋಹ ಏರಿ ನಿಂತಿತ್ತು; ಯಾವುದೋ ಚೂಪಾದ ವಸ್ತು ಎಳೆದದ್ದು, ಸಂಶಯವಿಲ್ಲ. ಪೆಟ್ಟಿನ ರಾಶಿಗೆ ಹಾಕುವ ಮೊದಲು ನಮ್ಮಲ್ಲೊಬ್ಬರು ಅಭ್ಯಾಸದಂತೆ ಪುಟ ಮಗುಚಿದ ಹಾಗೆ ಅದನ್ನು ಎಡದಿಂದ ಬಲಕ್ಕೆ ಮಗುಚಿದರು. ನಮ್ಮ ನಾಣ್ಯಗಳಲ್ಲಿ ಹಾಗೆ ಮಗುಚಿದಾಗ ಎರಡೂ ಮುಖ ನೆಟ್ಟಗೆ ಬರಬೇಕು. ಇದರಲ್ಲಿ ಸಿಂಹಗಳು ಪೂರ್ತಿ ಅಡ್ಡ ಮಲಗಿದ್ದವು. ಅಚ್ಚುಗಳಲ್ಲೊಂದು ಸಡಿಲಾಗಿ ತಿರುಗಿಕೊಂಡಿದ್ದಾಗ ಒತ್ತಿದ ನಾಣ್ಯ.

ಒಂದೇ ಲೋಹದ ನಾಣ್ಯದಲ್ಲಿ ಒಂದು ಮುಖವನ್ನು ಇನ್ನೊಂದು ಮುಖಕ್ಕೆ ಆಮೇಲೆ ಯಾರೂ ತಿರುಗಿಸಲಾರರು. ಎರಡು ನಾಣ್ಯ ಸೀಳಿ ಅಂಟಿಸಿದರೆ ಬದಿಯಲ್ಲಿ ಬೆಸುಗೆಯ ಗೆರೆ ಕಾಣಬೇಕು, ಅದೂ ಇರಲಿಲ್ಲ. ಕಂಡಕ್ಟರ್ ಗೀರನ್ನು ನೋಡಿ ಇಟ್ಟುಕೊಂಡ ನಾಣ್ಯದಲ್ಲಿ ಟಂಕಸಾಲೆಯ ತಪ್ಪು ಬೇರೆಯದೇ ಇತ್ತು, ಅದನ್ನು ಅವರು ನೋಡಿಯೇ ಇರಲಿಲ್ಲ. ಈ ಬಗೆಯ ತಪ್ಪು ನಮ್ಮ ಚಿಲ್ಲರೆಯಲ್ಲಿ ಅಷ್ಟೇನೂ ವಿರಳವಲ್ಲ. ಗೀರು ಬೇರೆ ಬಿದ್ದಿರುವುದರಿಂದ ಬೆಲೆ ಮತ್ತೂ ಕಡಿಮೆ.

ಮೂರನೆಯದು ಸುಲಭದ್ದು. ಲಾಂಛನದಿಂದ ದಂಡೆಯವರೆಗೆ ಕೂದಲೆಳೆಯಂಥ ಗೆರೆ, ಆದರೆ ಉಬ್ಬಿದ ಗೆರೆ. ಅಚ್ಚು ಬಿರಿದಾಗ ಆ ಬಿರುಕಿನೊಳಕ್ಕೆ ಲೋಹ ಹೊಕ್ಕು ನಾಣ್ಯದ ಮೇಲೆ ಉಬ್ಬಾಗಿ ಬರುತ್ತದೆ. ವ್ಯಾಪಾರಿಗಳು ಇಂಥವನ್ನು 'ಲಕೀರ್' ಎಂದು ಮಾರುತ್ತಾರೆ. ಉಬ್ಬಿದ್ದರೆ ಅಚ್ಚಿನದು, ತಗ್ಗಾಗಿದ್ದರೆ ಬೀದಿಯದು ಎಂಬ ಮಾತು ಮೊದಲ ಜರಡಿಗೆ ಸಾಕು, ಕೊನೆಯ ತೀರ್ಪಿಗೆ ಸಾಲದು.

ಆ ಸಾಲದ್ದು ಎಲ್ಲಿ ಎಂಬುದನ್ನು ಒಂದು ಐವತ್ತು ಪೈಸೆ ತೋರಿಸಿತು. ಅದರ ಮೇಲೆ ದಾರದಂತೆ ಬಳುಕಿದ ಸಣ್ಣ ತಗ್ಗು ಗೆರೆ. ಒತ್ತುವಾಗ ಅಚ್ಚಿಗೂ ಬಿಲ್ಲೆಗೂ ನಡುವೆ ನಿಜವಾಗಿಯೇ ದಾರದ ಎಳೆ ಸಿಕ್ಕಿಕೊಂಡಿದ್ದರೆ ಇಂಥ ತಗ್ಗೇ ಬೀಳುತ್ತದೆ, ಅದು ಅಸಲಿ ತಪ್ಪು. ಆಮೇಲೆ ತಂತಿಯ ಮೇಲಿಟ್ಟು ಒತ್ತಿದರೂ ಹೀಗೇ ಕಾಣಬಹುದು. ತಂತಿಯಾದರೆ ಹಿಂಬದಿಯಲ್ಲಿ ಚಪ್ಪಟೆಯಾದ ಹೊಳಪು ಕಾಣಬೇಕಿತ್ತು. ನಾಣ್ಯ ಸವೆದದ್ದರಿಂದ ಅದು ಇದೆಯೋ ಇಲ್ಲವೋ ಹೇಳಲಾಗಲಿಲ್ಲ. ಬಿರಿದ ಅಚ್ಚಿನ ನಾಣ್ಯಕ್ಕಾದರೆ ಅದೇ ಗೆರೆಯ ಇನ್ನೊಂದು ಜತೆ ಎಲ್ಲೋ ಸಿಗುವ ಆಸೆ ಇರುತ್ತದೆ, ದಾರ ಬಿದ್ದದ್ದು ಒಂದೇ ಏಟಿನ ಕತೆ. ಲಕೋಟೆಯ ಮೇಲೆ 'ಗೊತ್ತಾಗಿಲ್ಲ' ಎಂದು ಬರೆದೆವು. ಕಂಡಕ್ಟರ್‌ಗೆ ಇದು ಸರಿಬರಲಿಲ್ಲ, ಹೌದು ಅಥವಾ ಅಲ್ಲ ಎಂದು ಹೇಳಿಸಿಕೊಳ್ಳಲು ಅವರು ಬಂದಿದ್ದರು.

ಕನ್ನಡಿ ಐದು

ಕೊನೆಗೆ ಮೂರು ಲಕ್ಷದ ನಾಣ್ಯ. ತೂಕ 5.97 ಗ್ರಾಂ, ಇರಬೇಕಾದ್ದು 6. ಇಲ್ಲಿ ತಕ್ಕಡಿ ಏನೂ ಹೇಳುವುದಿಲ್ಲ, ಯಾಕೆಂದರೆ ಅಸಲಿಯಾದರೂ ನಕಲಿಯಾದರೂ ಲೋಹ ಕಳೆದಿರುವುದಿಲ್ಲ.

ಅಸಲಿ ಕನ್ನಡಿ ನಾಣ್ಯ, ಅಂದರೆ ಬ್ರೋಕೇಜ್, ಹುಟ್ಟುವುದು ಹೀಗೆ. ಒತ್ತಿದ ನಾಣ್ಯ ಹೊರಬೀಳದೆ ಒಂದು ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ಅದರ ಕೆಳಗೆ ಹೊಸ ಬಿಲ್ಲೆ ಬರುತ್ತದೆ. ಆ ಬಿಲ್ಲೆಯ ಒಂದು ಮುಖಕ್ಕೆ ಎಂದಿನ ಅಚ್ಚು ಬೀಳುತ್ತದೆ, ಇನ್ನೊಂದು ಮುಖಕ್ಕೆ ಅಚ್ಚಿನ ಬದಲು ಕಚ್ಚಿಕೊಂಡ ನಾಣ್ಯವೇ ಬಡಿಯುತ್ತದೆ. ಹೀಗಾಗಿ ಒಂದೇ ಚಿತ್ರ ಒಂದು ಮುಖದಲ್ಲಿ ಉಬ್ಬಾಗಿ, ಇನ್ನೊಂದರಲ್ಲಿ ತಿರುಗುಮುರುಗಾಗಿ ತಗ್ಗಾಗಿ ಬರುತ್ತದೆ. ಇದರ ಅರ್ಥ, ಸಿಂಹ ತಗ್ಗಾಗಿ ಬಿದ್ದ ಮುಖಕ್ಕೆ '5'ರ ಅಚ್ಚು ಮುಟ್ಟಿಯೇ ಇಲ್ಲ. ಅಲ್ಲಿ '5' ಇರಕೂಡದು.

ದೀಪವನ್ನು ಮೇಜಿನ ಮಟ್ಟಕ್ಕೆ ಬಾಗಿಸಿ ಬೆಳಕು ಅಡ್ಡಲಾಗಿ ಬೀಳುವಂತೆ ಹಿಡಿದಾಗ ಸಿಂಹದ ತಗ್ಗಿನ ಹಿಂದೆ ಚಪ್ಪಟೆಯಾದ '5'ರ ಹೊಟ್ಟೆ ಎದ್ದು ಕಂಡಿತು. ಆ ಮೊದಲು ಮೊಮ್ಮಗ ತೆಗೆದ ಫೋಟೊಗಳಲ್ಲಿ ಬೆಳಕು ನೇರ ಮೇಲಿನಿಂದ ಬಿದ್ದಿತ್ತು, ಅದರಲ್ಲಿ ಇದು ಕಾಣುವಂತಿರಲಿಲ್ಲ. '5' ಇದೆಯೆಂದರೆ ಆ ನಾಣ್ಯ ಮೊದಲು ಸರಿಯಾಗಿ ಒತ್ತಿಸಿಕೊಂಡಿತ್ತು, ಸಿಂಹ ಆಮೇಲೆ ಬಂದದ್ದು. ಒಳ್ಳೆಯ ನಾಣ್ಯ ಮತ್ತೆ ಅಚ್ಚಿನೊಳಗೆ ಬಿದ್ದು ಎರಡನೆಯ ಏಟು ತಿಂದಿರಬಾರದೇಕೆ ಎಂದು ಮೊಮ್ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಹಾಗಾಗಿದ್ದರೆ ಹಿಂಬದಿಯ ಸಿಂಹದಲ್ಲೂ ಎರಡು ಏಟಿನ ಗುರುತು ಇರಬೇಕು. ನಾಣ್ಯ ಮಗುಚಿದೆವು. ಎರಡು ಸಿಂಹದ ನೆರಳು ಅಲ್ಲಿರಲಿಲ್ಲ. ಎತ್ತರದ ಭಾಗಗಳೆಲ್ಲ ಸಪಾಟಾಗಿ ನುಣುಪಾಗಿದ್ದವು, ಅವುಗಳ ಮೇಲೆ ಓರೆ ಓರೆಯಾಗಿ ಒಂದೇ ಅಂತರದ ಸಣ್ಣ ಗೆರೆಗಳು. ಗೋಕುಲ ರಸ್ತೆಯ ಕಡೆ ಲೇತ್ ಕೆಲಸ ಮಾಡಿದ್ದ ನಮ್ಮ ಗೆಳೆಯರೊಬ್ಬರು ಭೂತಕನ್ನಡಿ ಕೆಳಗಿಡುವ ಮೊದಲೇ ಹೇಳಿದರು: "ಇದು ವೈಸಿನ ಹಲ್ಲು." ಎರಡು ನಾಣ್ಯಗಳನ್ನು ಮುಖಕ್ಕೆ ಮುಖ ಇಟ್ಟು ವೈಸಿನಲ್ಲಿ, ಅಂದರೆ ತಿರುಪಿನಿಂದ ಬಿಗಿಯುವ ಕಬ್ಬಿಣದ ಇಕ್ಕಳದಲ್ಲಿ, ಬಿಗಿದು ಮಾಡಿದ ಕೆಲಸ. ವರ್ನಿಯರ್ ಹಿಡಿದರೆ ಅಗಲವೂ ಸುತ್ತಲೂ ಒಂದೇ ಸಮ ಬರಲಿಲ್ಲ. ಕಾಲರ್‌ನೊಳಗೆ ಒತ್ತಿದ್ದು ದುಂಡಗಿರುತ್ತದೆ, ವೈಸಿನಲ್ಲಿ ಒತ್ತಿದ್ದು ಸಿಕ್ಕ ಕಡೆ ಹಿಗ್ಗುತ್ತದೆ.

ಕಾಲರ್ ಎಂಬ ಬಳೆಯೇ ಇಲ್ಲದ ಕಾಲದಲ್ಲಿ ಈ ಪರೀಕ್ಷೆ ನಡೆಯುತ್ತಿರಲಿಲ್ಲ. ಇಲ್ಲಿಂದ ಗದಗಿನಾಚೆ ಇರುವ ಲಕ್ಕುಂಡಿ ಒಂದು ಕಾಲಕ್ಕೆ ಟಂಕಸಾಲೆಯ ಊರು, ಲೊಕ್ಕಿ ಗದ್ಯಾಣ ಎಂದು ಶಾಸನಗಳಲ್ಲಿ ಬರುವ ಚಿನ್ನದ ನಾಣ್ಯಕ್ಕೆ ಆ ಊರಿನದೇ ಹೆಸರು. ಕೈಯಿಂದ ಒತ್ತಿದ ಆ ಕಾಲದ ನಾಣ್ಯಗಳಲ್ಲಿ ಚಿತ್ರ ಅತ್ತಿತ್ತ ಸರಿದಿರುವುದೇ ರೂಢಿ, ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಯಂತ್ರ ಎಲ್ಲವನ್ನೂ ಒಂದೇ ಸಮ ಮಾಡತೊಡಗಿದ ಮೇಲೆಯೇ ಸಮವಲ್ಲದ್ದಕ್ಕೆ ಬೆಲೆ ಬಂದದ್ದು.

ಕಂಡಕ್ಟರ್ ಬಹಳ ಹೊತ್ತು ಮಾತಾಡಲಿಲ್ಲ. ಕಳ್ಳ ಫೋನಿನವನಿಗೆ ಈ ನಾಣ್ಯ ಅಸಲಿಯೋ ಅಲ್ಲವೋ ಬೇಕಾಗಿಯೇ ಇರಲಿಲ್ಲ, ಶುಲ್ಕ ಬಂದರೆ ಸಾಕಿತ್ತು ಎಂಬುದು ಅವರಿಗೆ ಆಗ ಹೆಚ್ಚು ನೋವಾದಂತೆ ಕಂಡಿತು. ನಾಣ್ಯವನ್ನಾದರೂ ಅವ ನೋಡಿ ಮೆಚ್ಚಿದ್ದ ಎಂದು ಅವರು ನಂಬಿದ್ದರು.

ಮುಂದೆ ಏನಾಯಿತು

ಕಡಿತದ ನಾಣ್ಯವನ್ನು ಪರಿಚಯದ ವ್ಯಾಪಾರಿಯೊಬ್ಬರು ಕೆಲವು ನೂರು ರೂಪಾಯಿಗೆ ಕೇಳಿದರು. ಮಗ ಕೊಡೋಣ ಎಂದ, ಅಪ್ಪ ಕೊಡಲಿಲ್ಲ. ಅಚ್ಚು ತಿರುಗಿದ್ದನ್ನೂ ಉಬ್ಬುಗೆರೆಯದನ್ನೂ ಮಾರಿದರು, ಬಂದ ಹಣ ಕಳೆದುಕೊಂಡ 1,850ಕ್ಕೆ ಹತ್ತಿರವೂ ಬರಲಿಲ್ಲ.

ಎರಡನೆಯ ಗಟ್ಟಿ ನಿರ್ಧಾರ ಕನ್ನಡಿ ಐದರ ವಿಷಯಕ್ಕೆ ಬಂತು. ಅದು ವೈಸಿನಲ್ಲಿ ಒತ್ತಿದ್ದೆಂದು ಗೊತ್ತಾದ ಮೇಲೂ ಇನ್ನೊಬ್ಬ ವ್ಯಾಪಾರಿ ಎರಡು ಸಾವಿರ ಕೊಡಲು ತಯಾರಿದ್ದ. ಅವನಿಗೂ ಗೊತ್ತಿತ್ತು, ತಿಳಿದೇ ಕೇಳುತ್ತಿದ್ದ. ತಿಳಿದು ಕೊಳ್ಳುವವನಿಗೆ ಮಾರಿದರೆ ಮೋಸ ಎಲ್ಲಿ ಬಂತು ಎಂದು ಮನೆಯಲ್ಲಿ ವಾದ ನಡೆಯಿತು. ಆ ನಾಣ್ಯ ಮೂರನೆಯವನ ಕೈಗೆ ಬ್ರೋಕೇಜ್ ಎಂಬ ಹೆಸರಿನಲ್ಲೇ ಹೋಗುತ್ತದೆ ಎಂದು ನಾನು ಹೇಳಿದೆ, ಬೇಡ ಎಂದು ಮಾತ್ರ ಹೇಳಲಿಲ್ಲ. ಇನ್ನೊಂದು ತೊಡಕೂ ಇತ್ತು. 2011ರ ನಾಣ್ಯ ಕಾಯ್ದೆ ನಾಣ್ಯವನ್ನು ಕರಗಿಸುವುದು, ನಾಶ ಮಾಡುವುದನ್ನು ಅಪರಾಧ ಎನ್ನುತ್ತದೆ, ವಿರೂಪಗೊಂಡ ನಾಣ್ಯಕ್ಕೆ ಚಲಾವಣೆಯ ಮಾನ್ಯತೆಯನ್ನೂ ಕೊಡುವುದಿಲ್ಲ. ಒತ್ತಿದವರು ಇವರಲ್ಲವಾದರೂ ಆ ನಾಣ್ಯವನ್ನು ಕೈಯಿಂದ ಕೈಗೆ ದಾಟಿಸುವ ಮುನ್ನ ಯೋಚಿಸಬೇಕಿತ್ತು. ಕಂಡಕ್ಟರ್ ತಮ್ಮದೇ ದಾರಿ ಹುಡುಕಿದರು. 'ವೈಸಿನಲ್ಲಿ ಒತ್ತಿದ್ದು, ಟಂಕಸಾಲೆಯ ತಪ್ಪಲ್ಲ' ಎಂದು ಚೀಟಿಯಲ್ಲಿ ಬರೆದು ಸಹಿ ಮಾಡಿ, ನಾಣ್ಯದ ಜತೆ ಈ ಚೀಟಿಯೂ ಹೋಗಬೇಕು ಎಂದರು. ವ್ಯಾಪಾರಿ ಮತ್ತೆ ಫೋನ್ ಮಾಡಲಿಲ್ಲ.

ಈ ಪ್ರಕರಣದಿಂದ ನಮ್ಮ ರವಿವಾರದ ಕೂಟದ ಪದ್ಧತಿಯಲ್ಲಿ ಕೆಲವು ಬದಲಾವಣೆಗಳಾದವು. ಯಾರೇ ನಾಣ್ಯ ತಂದರೂ ಬೆಲೆಯ ಮಾತು ಬಂದ ನಾಣ್ಯವನ್ನು ಕೊನೆಗಿಡುತ್ತೇವೆ. ಗೀರು, ಬಣ್ಣ ಏನೇ ಇರಲಿ, ಪ್ರತಿಯೊಂದನ್ನೂ ಒಮ್ಮೆ ಪುಟದಂತೆ ಮಗುಚಿ ನೋಡುತ್ತೇವೆ. ತೂಕದ ಜತೆ ಅಗಲವನ್ನೂ ಬರೆದಿಡುತ್ತೇವೆ, ತೂಕವೊಂದನ್ನೇ ನೆಚ್ಚಿದ್ದರೆ ಆಮ್ಲದ ಐದು ತೆಳು ಬಿಲ್ಲೆಯಾಗಿ ದಾಟಿಹೋಗುತ್ತಿತ್ತು. ಫೋಟೊ ಕಳಿಸುವವರಿಗೆ ಬೆಳಕು ಅಡ್ಡ ಹಿಡಿದು ಎರಡೂ ಮುಖ ಮತ್ತು ಬದಿಯನ್ನು ತೆಗೆಯಲು ಹೇಳುತ್ತೇವೆ; ನೇರ ಬೆಳಕಿನ ಒಂದೇ ಮುಖದ ಫೋಟೊ ನೋಡಿ ಅಭಿಪ್ರಾಯ ಕೊಡುವುದನ್ನು ನಿಲ್ಲಿಸಿದ್ದೇವೆ. ಇಷ್ಟು ಮಾಡಿಯೂ 'ಗೊತ್ತಾಗಿಲ್ಲ' ಎಂಬ ಲಕೋಟೆ ದಪ್ಪವಾಗುತ್ತಲೇ ಇದೆ.

ಡಬ್ಬಿಯಲ್ಲಿ ಉಳಿದ ಚಲಾವಣೆಯ ನಾಣ್ಯಗಳನ್ನು, ಚುಕ್ಕೆಯವು, ₹ ಇಲ್ಲದ ಹತ್ತರವು ಎಲ್ಲವನ್ನೂ, ಮಗ ಬ್ಯಾಂಕಿಗೆ ಕಟ್ಟಿದ. ಲಂಬಾಣಿ ಕೊಂಡಿಯ ಇಪ್ಪತ್ತೈದು ಪೈಸೆಯನ್ನು ಸೊಸೆ ಕೇಳಿ ಇಸಿದುಕೊಂಡರು. ಕಡಿತದ ರೂಪಾಯಿ, ಚೀಟಿಯ ಸಮೇತ ಕನ್ನಡಿ ಐದು, ಹೋಲಿಕೆಗೆಂದು ಇಟ್ಟುಕೊಂಡ ಅರ ಹಾಕಿದ ನಾಣ್ಯ ಈಗ ಮೊಮ್ಮಗನ ಬಳಿ ಇವೆ. ಶಾಲೆಯಲ್ಲಿ ಯಾರಾದರೂ ವಿಡಿಯೊ ನೋಡಿ ನಾಣ್ಯ ತಂದರೆ ಅವನು ಮೊದಲು ಕೇಳುವುದು ಎದುರಿನ ದಂಡೆ ತೋರಿಸು ಎಂದು.